ಯುವಿ ಪುಸ್ತಕದ ಹಿಂದೆ ಇನ್ನೊಂದು ಪುಸ್ತಕ

2011ರ ಕ್ರಿಕೆಟ್ ವಿಶ್ವಕಪ್. ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮ್ಯಾಚ್. ಮೈದಾನದಲ್ಲೇ ವಾಂತಿ ಮಾಡ್ಕೊಂಡ್ರೂ ಯುವರಾಜ್ ಸಿಂಗ್, ನಮ್ಮ ಯುವಿ, ಕ್ರೀಸ್ ಬಿಡಲಿಲ್ಲ. 113 ರನ್ ಹೊಡೆದ್ರು. ಬಿಸಿಲಿನ ಝಳ ಅಂತ ನಾವೆಲ್ಲ ಸುಮ್ಮನಾದ್ವಿ. ಆಮೇಲೆ ಗೊತ್ತಾಯ್ತು, ಎರಡು ಶ್ವಾಸಕೋಶಗಳ ಮಧ್ಯೆ ಗೆಡ್ಡೆ ಬೆಳೆದಿತ್ತು. ಕ್ಯಾನ್ಸರ್.

2012ರಲ್ಲಿ ಅಮೆರಿಕದಲ್ಲಿ ಕೀಮೋ. ಇಂಡಿಯಾನಾಪೊಲಿಸ್‌ನಲ್ಲಿ ಚಿಕಿತ್ಸೆ ಕೊಟ್ಟವರು ಡಾಕ್ಟರ್ ಲಾರೆನ್ಸ್ ಐನ್‌ಹಾರ್ನ್. ತಲೆಕೂದಲು ಪೂರ್ತಿ ಉದುರಿತು. ಆ ದಿನಗಳಲ್ಲಿ ಯುವಿಗೆ ಧೈರ್ಯ ಕೊಟ್ಟಿದ್ದು ಒಂದು ಪುಸ್ತಕ: ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಆತ್ಮಕಥೆ. ಅವರೂ ಗುಣವಾಗಿದ್ದು ಅದೇ ಊರಲ್ಲಿ.

ಅದೇ ವರ್ಷ ಡೋಪಿಂಗ್ ಸಾಬೀತಾಗಿ ಆರ್ಮ್‌ಸ್ಟ್ರಾಂಗ್ ಅವರ ಏಳೂ ಟೂರ್ ಡಿ ಫ್ರಾನ್ಸ್ ಪ್ರಶಸ್ತಿ ಹೋಯ್ತು. ಹಾಗಾದ್ರೆ ಪುಸ್ತಕವೂ ಸುಳ್ಳಾ? ರೇಸ್ ಗೆದ್ದ ರೀತಿ ಮೋಸ, ನಿಜ. ಆದ್ರೆ ಕೀಮೋ ವಾರ್ಡಿನಲ್ಲಿ ಪಟ್ಟ ಪಾಡು ಮೋಸ ಅಲ್ಲ. ರೋಗಿಗೆ ಬೇಕಾಗಿದ್ದು ಆ ಪುಟಗಳೇ.

2012ರ ಸೆಪ್ಟೆಂಬರಿನಲ್ಲಿ ಯುವಿ ಮತ್ತೆ ಭಾರತದ ಪರ ಆಡಿದ್ರು, ಅದೂ ಚೆನ್ನೈನಲ್ಲೇ! 2013ರಲ್ಲಿ ಬಂತು ಅವರದೇ ಪುಸ್ತಕ, 'ದ ಟೆಸ್ಟ್ ಆಫ್ ಮೈ ಲೈಫ್'. ಸಿಕ್ಸರ್‌ಗಿಂತ ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಭಯ, ಅಳು, ಕಾಯಿಲೆಯನ್ನ ಒಪ್ಪಿಕೊಳ್ಳೋಕೆ ಮನಸ್ಸು ಹಿಂದೇಟು ಹಾಕಿದ್ದು.

ಇಂಥ ಕ್ಯಾನ್ಸರ್ ಅನುಭವವನ್ನ ಕನ್ನಡದಲ್ಲೇ ಓದಬೇಕಾ? ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಇದೆ.

ಗುಣವಾಗಿ ಬಂದವರೇ, ನೀವೂ ಬರೀರಿ. ಬಾಯಿಹುಣ್ಣು ಬಂದಾಗ ಏನು ಉಣ್ಣೋಕೆ ಆಯ್ತು, ರಿಪೋರ್ಟ್‌ಗೆ ಕಾಯೋ ರಾತ್ರಿ ಹೇಗೆ ಕಳೀತು, ಎಲ್ಲಾ ಬರೀರಿ. ಔಷಧಿ ವಿಷಯ ಮಾತ್ರ ಅವರವರ ಡಾಕ್ಟರಿಗೇ ಬಿಡಿ.