ಸ್ತನ ಕ್ಯಾನ್ಸರ್: ದಾಟಿ ಬಂದವರನ್ನ ಕೇಳಿ

ಎದೆಯಲ್ಲಿ ಗಂಟು ಸಿಕ್ಕಿದ ದಿನ,
ಮೊದಲು ಯಾರ ಹತ್ರ ಹೇಳ್ತೀರಿ?

ಹುಣಸೂರು, ಪಿರಿಯಾಪಟ್ಟಣ,
ಕೆ.ಆರ್. ನಗರ, ಎಚ್.ಡಿ. ಕೋಟೆ...
ನಮ್ಮ ಕಡೆ ಎಷ್ಟೋ ಹೆಣ್ಮಕ್ಕಳು
ಯಾರಿಗೂ ಹೇಳೋದೇ ಇಲ್ಲ.
"ನೋವಿಲ್ವಲ್ಲ, ಹೊಗೆಸೊಪ್ಪಿನ ಕೆಲಸ ಮುಗೀಲಿ" ಅಂತಾರೆ.
ಆದ್ರೆ ಶುರುವಲ್ಲಿ ಕ್ಯಾನ್ಸರ್ ಗಂಟು
ಸಾಮಾನ್ಯವಾಗಿ ನೋಯಲ್ಲ. ಅಪಾಯ ಇರೋದೇ ಅಲ್ಲಿ.

ಈ ಒಂಟಿತನ ನಮ್ಮ ಕಡೆ ಮಾತ್ರ ಅಲ್ಲ.
1952, ನ್ಯೂಯಾರ್ಕ್.
ಟೆರೀಸ್ ಲ್ಯಾಸರ್ ಅನ್ನೋರಿಗೆ ಕ್ಯಾನ್ಸರ್ ಅಂತ ಸ್ತನ ತೆಗೆದ್ರು.
ಮುಂದೇನು ಅಂತ ಹೇಳೋರೇ ಇರ್ಲಿಲ್ಲ.
ಚೇತರಿಸಿಕೊಂಡ ಮೇಲೆ,
ಅವರೇ ಬೇರೆ ರೋಗಿಗಳ ಪಕ್ಕ ಹೋಗಿ ಕೂತ್ರು.
ಗುಣವಾದವರೇ ಹೊಸ ರೋಗಿಗಳಿಗೆ ಧೈರ್ಯ ಹೇಳೋ
'ರೀಚ್ ಟು ರಿಕವರಿ' ಹುಟ್ಟಿದ್ದು ಹಾಗೆ.

ತುಂಬಿದ ಹೊಳೆ ದಾಟೋಕೆ ದೋಣಿ ಬೇಕೇ ಬೇಕು.
ಆದ್ರೆ ಸುಳಿ ಎಲ್ಲಿದೆ ಅಂತ
ದಾಟಿ ಬಂದವರಿಗೇ ಗೊತ್ತು.
ಚಿಕಿತ್ಸೆ ದೋಣಿ.
ಗುಣವಾದ ಅಕ್ಕ, ಹೊಳೆ ಬಲ್ಲವಳು.

ಅವಳು ಹೇಳ್ತಾಳೆ:
"ಕೀಮೋಗೆ ಉದುರಿದ ಕೂದಲು
ಮತ್ತೆ ಬರುತ್ತೆ ಕಣವ್ವ.
ಆಪರೇಷನ್ ಆದ್ಮೇಲೆ, ಡಾಕ್ಟರ್ ಹೂಂ ಅಂದಾಗ,
ಗೋಡೆ ಮುಂದೆ ನಿಲ್ಲು.
ಬೆರಳನ್ನ ಮೆಲ್ಲಗೆ ಗೋಡೆ ಹತ್ತಿಸು.
ಇವತ್ತು ಭುಜದ ತನಕ,
ನಾಳೆ ಇನ್ನೊಂದು ಚೂರು ಮೇಲೆ.
ಆಗ ಭುಜ ಬಿಗಿದುಕೊಳ್ಳಲ್ಲ.
ಕೈ ಊದಿಕೊಂಡ್ರೆ ಮುಚ್ಚಿಡಬೇಡ, ತೋರಿಸು."

ವಯಸ್ಸು 30 ದಾಟಿದೆಯಾ?
ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ
ಸ್ತನ ಪರೀಕ್ಷೆ ಉಚಿತ.
ನಿಮ್ಮೂರ ಆಶಾ ಕಾರ್ಯಕರ್ತೆಯನ್ನ ಕೇಳಿ.

ಚಿಕಿತ್ಸೆಗೆ ಮೈಸೂರಿಗೋ,
ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋದಾಗ
ಧೈರ್ಯವಾಗಿ ಕೇಳಿ:
"ಗುಣವಾದವರ ಜೊತೆ ಮಾತಾಡಿಸ್ತೀರಾ?"

ಗುಣವಾಗಿರೋ ಅಕ್ಕಂದಿರೇ,
ನಿಮ್ಮ ಡಾಕ್ಟರ್ ಹತ್ರ ಹೇಳಿಡಿ,
"ಹೊಸಬರು ಬಂದ್ರೆ ನನ್ನನ್ನ ಕರೀರಿ" ಅಂತ.
ಔಷಧಿ ಡಾಕ್ಟರ್ ಕೊಡ್ತಾರೆ.
"ನಾನೂ ಬದುಕಿದ್ದೀನಿ ನೋಡು" ಅನ್ನೋ ಧೈರ್ಯ
ನೀವೇ ಕೊಡ್ಬೇಕು.