ಅರಗಿನ ತಟ್ಟೆಯಲ್ಲಿ ಮರಳಿ ಬಂದ ಮೆಟ್ನರ್

ಮೈಸೂರಿನ ಬನ್ನಿಮಂಟಪದ ಬಣ್ಣದ ಕಾರ್ಖಾನೆ ಎಂದರೆ ಮತದಾರರ ಬೆರಳಿಗೆ ಹಚ್ಚುವ ಶಾಯಿ ನೆನಪಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅದು ಶುರುವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಆಗ ಅರಗಿಗೆ ಜಗತ್ತಿನೆಲ್ಲೆಡೆ ಒಬ್ಬ ದೊಡ್ಡ ಗಿರಾಕಿಯಿದ್ದ: ಗ್ರಾಮಫೋನ್ ಕಂಪನಿ. ನಿಮಿಷಕ್ಕೆ 78 ಸುತ್ತು ತಿರುಗುವ ಕರಿಯ ತಟ್ಟೆಗಳನ್ನು ಗಟ್ಟಿಯಾಗಿ ಹಿಡಿದಿಡುತ್ತಿದ್ದದ್ದೇ ಅರಗು. ಅದರ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ.

ಅಂಥ ತಟ್ಟೆಗಳ ಇಡೀ ಒಂದು ಮಾಲೆ ಮೈಸೂರಿಗೆ ಸೇರಬೇಕಾದದ್ದು. ಅದರ ಅರಗು ಯಾವ ಕಾಡಿನದೇ ಇರಲಿ, ಹಣ ಮೈಸೂರಿನದು. ವಿಜಯದಶಮಿಯಂದು ಅಂಬಾರಿಯೇರಿ ಬನ್ನಿಮಂಟಪಕ್ಕೆ ಬಂದು ಬನ್ನಿಪೂಜೆ ಮಾಡುತ್ತಿದ್ದ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ಒಬ್ಬ ರಷ್ಯನ್ ಸಂಗೀತಗಾರನನ್ನು ಮತ್ತೆ ಪಿಯಾನೊದ ಮುಂದೆ ಕೂರಿಸಿದರು.

ಆತ ನಿಕೊಲಾಯ್ ಮೆಟ್ನರ್. ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟವರು. ಸಂಗೀತ ರಚನಕಾರ ರಾಖ್ಮನಿನಾಫ್ ಸ್ವತಃ ಅವರನ್ನು ತಮ್ಮ ಕಾಲದ ಶ್ರೇಷ್ಠರ ಸಾಲಿನಲ್ಲಿ ಎಣಿಸಿದ್ದರು. ಆದರೂ ಯುರೋಪಿಗೆ ಅವರು ಬೇಡವಾದರು. ಹೊಸ ಕಾಲದ ಒರಟು ಸ್ವರಮೇಳಗಳನ್ನು ಮೆಟ್ನರ್ ಒಪ್ಪಲಿಲ್ಲ, ಅದನ್ನು ವಿರೋಧಿಸಿ 1935ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಆ ಸುಮಾರಿಗೆ ಲಂಡನ್ ಸೇರಿದರು. ಯುದ್ಧ ಬಂತು, ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಶಿಷ್ಯೆ ಎಡ್ನಾ ಐಲ್ಸ್ ಮನೆಯಲ್ಲಿ ಆಶ್ರಯ, 1942ರಲ್ಲಿ ಹೃದಯಾಘಾತ. ಆ ಸ್ಥಿತಿಯಲ್ಲೇ ವಾದ್ಯವೃಂದದೊಂದಿಗೆ ನುಡಿಸುವ ಮೂರನೆಯ ಪಿಯಾನೊ ಕಾಂಚೆರ್ಟೊ ಮುಗಿಸಿ, 1944ರ ಫೆಬ್ರುವರಿಯಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾವೇ ನುಡಿಸಿದರು. ಆದರೆ ಅವರ ವಾದನವನ್ನು ಉಳಿಸಿಕೊಂಡ ತಟ್ಟೆಗಳು ಆಗ ಬೆರಳೆಣಿಕೆಯಷ್ಟು ಮಾತ್ರ.

ಇತ್ತ ಮೈಸೂರಿನಲ್ಲಿ ಇನ್ನೊಂದು ಪಿಯಾನೊ ಕನಸು ಮುರಿದುಬಿದ್ದಿತ್ತು. ಯುವ ಜಯಚಾಮರಾಜೇಂದ್ರರು ಪಾಶ್ಚಾತ್ಯ ಸಂಗೀತವನ್ನು ಶ್ರದ್ಧೆಯಿಂದ ಕಲಿತು ಪಿಯಾನೊ ವಾದಕರಾಗುವ ಹಂಬಲ ಹೊತ್ತಿದ್ದವರು. 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಇಪ್ಪತ್ತೊಂದರ ಹುಡುಗನ ಹೆಗಲಿಗೆ ರಾಜ್ಯ ಬಿತ್ತು. ಮೆಟ್ನರ್ ವಿಷಯದಲ್ಲಿ ಅವರು ತೋರಿದ ಔದಾರ್ಯವನ್ನು ಅರಸೊತ್ತಿಗೆಯ ದೊಡ್ಡಸ್ತಿಕೆ ಎಂದು ನನಗೆ ಒಪ್ಪಿಕೊಳ್ಳಲಾಗುವುದಿಲ್ಲ. ತಾನು ನುಡಿಸಲಾಗದೆ ಹೋದದ್ದರ ಬೆಲೆ ತಿಳಿದವನ ಕೆಲಸ ಅದು.

ಯುದ್ಧ ಮುಗಿದ ಮೇಲೆ ಒಡೆಯರ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು, ಎಚ್‌ಎಂವಿ ಧ್ವನಿಮುದ್ರಣಕ್ಕೆ ನಿಂತಿತು. 78ರ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ನಾಲ್ಕು ನಿಮಿಷದ ಆಸುಪಾಸು. ಅರ್ಧ ಗಂಟೆಗೂ ಮೀರಿದ ಕಾಂಚೆರ್ಟೊವನ್ನು ತುಂಡು ತುಂಡಾಗಿ ನುಡಿಸಬೇಕು. ಒಂದು ಸ್ವರ ತಪ್ಪಿದರೂ ಕತ್ತರಿಸಿ ಅಂಟಿಸುವಂತಿಲ್ಲ, ಆ ಮಗ್ಗುಲನ್ನೇ ಮತ್ತೆ ಮೊದಲಿನಿಂದ ನುಡಿಸಬೇಕು. ಅರವತ್ತೇಳರ, ಎದೆನೋವಿನ ಮನುಷ್ಯ 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ತಮ್ಮ ಮೂರೂ ಕಾಂಚೆರ್ಟೊಗಳನ್ನು ಹೀಗೆ ನುಡಿಸಿದರು. ಆಮೇಲೆ ಹಾಡುಗಳು, ಪಿಟೀಲು ಸೊನಾಟಾ, ಬಿಡಿ ಪಿಯಾನೊ ರಚನೆಗಳು. ಎಲ್ಲ ಸೇರಿ ಮೂರು ಸಂಪುಟಗಳಾದವು. ಮೂರನೆಯ ಕಾಂಚೆರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೇ ಅರ್ಪಿಸಿದರು.

ನನ್ನನ್ನು ಅತಿಯಾಗಿ ಬೆರಗುಗೊಳಿಸುವುದು ಆ ವರ್ಷಗಳ ಇನ್ನೊಂದು ಮಗ್ಗುಲು. ಲಂಡನ್ನಿಗೆ ಹಣ ಹೋಗುತ್ತಿದ್ದ ಕಾಲದಲ್ಲೇ, 1945ರಿಂದ 1947ರೊಳಗೆ, ಒಡೆಯರು 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದರು. ಪಕ್ಕದಲ್ಲಿದ್ದವರು ಆಸ್ಥಾನ ವಿದ್ವಾಂಸ ವಾಸುದೇವಾಚಾರ್ಯರು. ಎರಡು ಸಂಗೀತಗಳೂ ಒಂದೇ ಎದೆಯಲ್ಲಿ ಜಗಳವಿಲ್ಲದೆ ಇದ್ದವು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ ಆದರು. 1950ರಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ವೇದಿಕೆ ಏರಿದಾಗ ಅದರ ಖರ್ಚಿಗೆ ಒತ್ತಾಸೆಯಾಗಿ ನಿಂತರು.

ಮೆಟ್ನರ್ ಬರೆದದ್ದೆಲ್ಲವನ್ನೂ ತಟ್ಟೆಗಿಳಿಸುವ ಆಸೆ ಪೂರ್ತಿಯಾಗಲಿಲ್ಲ. 1951ರ ನವೆಂಬರ್ 13ರಂದು ಅವರು ತೀರಿಕೊಂಡರು. ಆ ಸಂಪುಟಗಳು ಮುಂದೆ ಸಿ.ಡಿ.ಗಳಾಗಿ ಬಂದವು. ಮೆಟ್ನರ್ ಕೃತಿಗಳನ್ನು ಕೈಗೆತ್ತಿಕೊಳ್ಳುವ ಇಂದಿನ ವಾದಕರು ಲಯ ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂದು ಕರ್ತೃವಿನ ಬೆರಳುಗಳಿಂದಲೇ ಕೇಳಿ ತಿಳಿಯಬಹುದು. ಪಂಜಿನ ಕವಾಯತು ನೋಡಲು ಬನ್ನಿಮಂಟಪದ ಮೈದಾನ ತುಂಬುವ ಊರಿನಲ್ಲಿ, ದಸರೆಯ ಒಂದು ಸಂಜೆಯಾದರೂ ಆ ಮೂರನೆಯ ಕಾಂಚೆರ್ಟೊ ಕೇಳಿಸಬೇಕು.