ಚಿಕನ್ ಪಾಕ್ಸ್ ಬಂದಾಗ ಹೊರಗೆ ನಡೆದಾಡಬಹುದೇ?

‘ಜ್ವರ ಬಿಟ್ಟಿದೆ, ಇಶಾ ನಮಾಝಿನ ಬಳಿಕ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದು ಬರಲೇ?’ ಚಿಕನ್ ಪಾಕ್ಸ್ ಬಂದು ಮನೆಯಲ್ಲೇ ಉಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯಿದು.

ಜ್ವರ ಬಿಟ್ಟರೆ ರೋಗ ಹರಡುವುದು ನಿಂತಿತೆಂದಲ್ಲ. ಗುಳ್ಳೆ ಏಳುವ 1-2 ದಿನ ಮೊದಲೇ ಹರಡತೊಡಗುವ ಈ ರೋಗ, ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತದೆ. ಇದಕ್ಕೆ ಗುಳ್ಳೆ ಕಾಣಿಸಿದಲ್ಲಿಂದ ಸಾಮಾನ್ಯವಾಗಿ 5ರಿಂದ 7 ದಿನ ಬೇಕು. ಗುಳ್ಳೆಯ ನೀರಿನಿಂದ ಮಾತ್ರವಲ್ಲ, ಗಾಳಿಯ ಮೂಲಕವೂ ಇದು ಹರಡುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ತಾನಾಗಿಯೇ ವಾಸಿಯಾದರೂ, ಗರ್ಭಿಣಿಯರಿಗೆ, ನವಜಾತ ಶಿಶುಗಳಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಪ್ರಾಣಾಪಾಯ ತರಬಲ್ಲುದು. ನೆರೆಮನೆಯಲ್ಲಿ ಅಂಥವರು ಇರಬಹುದು.

ಯುನಾನಿಯು ಆರೋಗ್ಯಕ್ಕೆ ಅತ್ಯಗತ್ಯವೆನ್ನುವ ಆರು ಸಂಗತಿಗಳಲ್ಲಿ ಗಾಳಿಯೇ ಮೊದಲನೆಯದು. ಆದರೆ ಗಾಳಿಗಾಗಿ ಬೀದಿಗಿಳಿಯಬೇಕಿಲ್ಲ. ಕಿಟಕಿ ತೆರೆದಿಡಿ. ಬೇರೆ ಯಾರೂ ಬಾರದ ತಾರಸಿಯೋ ಹಿತ್ತಲೋ ಇದ್ದರೆ ಅಲ್ಲಿ ನಿಧಾನವಾಗಿ ನಡೆಯಿರಿ. ಸುಸ್ತಿದ್ದರೆ ವಿಶ್ರಾಂತಿಯೇ ಮದ್ದು. ಲಿಫ್ಟ್, ಅಂಗಡಿ, ಮಸೀದಿ ಸದ್ಯ ಬೇಡ. ರೋಗಿಗೆ ಜಮಾಅತ್‌ನಿಂದ ವಿನಾಯಿತಿಯಿದೆ, ನಮಾಝ್ ಮನೆಯಲ್ಲೇ ನಿರ್ವಹಿಸಿ.

ಉಸಿರಾಟ ಕಷ್ಟವಾದರೆ, ಮಂಪರು ಕವಿದರೆ ಮಾತ್ರ ಕಾಯಬೇಡಿ. ಫೋನ್ ಮಾಡಿ ವಿಷಯ ತಿಳಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ.